ಸ್ನಾನದ ಮನೆಯ ಸದ್ದಿನ ಪಂಖವನ್ನು ಬದಲಿಸುವ ಕ್ರಮ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಹಳೆಯ ಮಾಳಿಗೆ ಮನೆಗಳಲ್ಲಿ ಬಚ್ಚಲು ಬಹುಮಟ್ಟಿಗೆ ಮನೆಯ ಹಿಂಭಾಗದಲ್ಲಿಯೋ ಹಿತ್ತಲಿನಲ್ಲಿಯೋ ಇರುತ್ತಿದ್ದಿತು. ಹಂಡೆಯ ಒಲೆಯ ಹೊಗೆಯೂ ಬಿಸಿನೀರಿನ ಹಬೆಯೂ ಗವಾಕ್ಷಿಯ ಮೂಲಕ ತಾವಾಗಿಯೇ ಹೊರಬೀಳುತ್ತಿದ್ದುವು. ಈಗ ಕಟ್ಟುವ ಕಾಂಕ್ರೀಟು ತಾರಸಿಯ ಮನೆಗಳಲ್ಲಿ ಸ್ನಾನದ ಮನೆಯು ಮಲಗುವ ಕೋಣೆಗೆ ಅಂಟಿಕೊಂಡು ಒಳಕ್ಕೆ ಬಂದಿದೆ. ಗವಾಕ್ಷಿಯ ಸ್ಥಾನದಲ್ಲಿ, ಒಳಗಿನ ಗಾಳಿಯನ್ನು ಹೊರಕ್ಕೆ ನೂಕುವ, ಜನರು ಎಕ್ಸಾಸ್ಟ್ ಫ್ಯಾನ್ ಎಂದು ಕರೆಯುವ ವಿದ್ಯುತ್ ಪಂಖವು ಬಂದಿದೆ. ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಈ ಪಂಖವು ಗಿರಣಿಯಂತೆ ಸದ್ದು ಮಾಡತೊಡಗುವುದೂ, ಮನೆಯವರು ಅದರ ಗುಂಡಿಯನ್ನು ಒತ್ತುವುದನ್ನೇ ಬಿಟ್ಟುಬಿಡುವುದೂ ಅನೇಕ ಮನೆಗಳಲ್ಲಿ ಕಾಣಬರುವ ಸಂಗತಿ. ನಿಲ್ಲಿಸಿದ ಪಂಖವು ಗವಾಕ್ಷಿಗೆ ಹೊಡೆದ ಮುಚ್ಚಳಕ್ಕೆ ಸಮಾನವು. ಆದುದರಿಂದ ಸದ್ದೆಂಬುದು ಕೇವಲ ಕಿವಿಗೆ ಸಂಬಂಧಪಟ್ಟ ತೊಂದರೆಯಲ್ಲ. ಅದು ಗಾಳಿಯ ಸಂಚಾರವನ್ನೇ ನಿಲ್ಲಿಸುವ ದೋಷವೆಂದು ತಿಳಿಯತಕ್ಕದ್ದು.

ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ತೇವದ ಭಯವೇನು ಎಂದು ಕೆಲವರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಹೊರಗಿನ ಗಾಳಿ ಒಣಗಿರುವುದರಿಂದ, ಅದನ್ನು ಒಳಕ್ಕೆ ಬರಮಾಡಿಕೊಂಡರೆ ಸ್ನಾನದ ಮನೆಯು ಮಲೆನಾಡಿನಲ್ಲಿ ಒಣಗುವುದಕ್ಕಿಂತ ಬೇಗನೆ ಇಲ್ಲಿ ಒಣಗುವುದು. ಆದರೆ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಪಂಖವನ್ನೂ ನಿಲ್ಲಿಸಿದಲ್ಲಿ, ನಾಲ್ಕಾರು ಜನರು ಬೆಳಗಿನ ಹೊತ್ತು ಬಿಸಿನೀರು ಸ್ನಾನ ಮಾಡಿದ ಹಬೆಯೆಲ್ಲ ತಾರಸಿಯ ತಳಕ್ಕೂ ಗೋಡೆಗೂ ಹತ್ತಿ ಒಳಗೇ ಉಳಿಯುವುದು. ಹೊರಗಿನ ಒಣಹವೆಯಿಂದ ಅಂತಹ ಕೋಣೆಗೆ ಯಾವ ಉಪಕಾರವೂ ಇಲ್ಲ. ಮೂಲೆಗಳಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುವುದು. ಬಾಗಿಲಿನ ಕೆಳಭಾಗ ಉಬ್ಬುವುದು. ಕ್ರಮೇಣ ಕಾಂಕ್ರೀಟಿನೊಳಗಣ ಕಬ್ಬಿಣಕ್ಕೆ ತುಕ್ಕು ಹಿಡಿದು ಗಾರೆಯು ಚಕ್ಕೆಚಕ್ಕೆಯಾಗಿ ಉದುರುವುದು.

ಜಮೀನುದಾರರು ವಿಶೇಷವಾಗಿ ಗಮನಿಸಬೇಕಾದುದು ಗೋಡೆಯ ಆಚೆಯ ಕೋಣೆಯನ್ನು. ಸ್ನಾನದ ಮನೆಗೆ ಹೊಂದಿಕೊಂಡ ಕೋಣೆಯಲ್ಲಿಯೋ ಅದರ ಮೇಲಣ ಅಟ್ಟದಲ್ಲಿಯೋ ಬಿತ್ತನೆಯ ಕಡಲೆಕಾಯಿಯ ಚೀಲಗಳನ್ನು ಒಟ್ಟುವ ರೂಢಿಯುಂಟು. ಕಾರ್ತಿಕದಲ್ಲಿ ಕಿತ್ತ ಕಾಯಿ ಮುಂದಿನ ಮುಂಗಾರಿನ ಬಿತ್ತನೆಯವರೆಗೆ, ಎಂದರೆ ಏಳೆಂಟು ತಿಂಗಳು, ಅಲ್ಲಿ ಕೂರಬೇಕು. ನೂರರಲ್ಲಿ 8 ಭಾಗದಷ್ಟು ತೇವಕ್ಕೆ ಒಣಗಿಸಿದ ಕಾಯಿಯೂ ಸುತ್ತಲಿನ ಗಾಳಿಯಲ್ಲಿ ತೇವವಿದ್ದರೆ ಅದನ್ನು ಮರಳಿ ಹೀರಿಕೊಳ್ಳುವುದು. ಆಗ ಹಿಡಿಯುವ ಹಳದಿ-ಹಸುರು ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುವುದು. ಅದು ಈಲಿಗೆ, ಎಂದರೆ ಪಿತ್ತಜನಕಾಂಗಕ್ಕೆ, ಹಾನಿಕರವಾದುದು. ಹಿಂಡಿಯ ಮೂಲಕ ದನಕರುಗಳಿಗೂ, ಹಾಲಿನ ಮೂಲಕ ಮತ್ತೆ ಮನುಷ್ಯರಿಗೂ ಬರತಕ್ಕದ್ದು. ಪಂಖದ ಬಾಯನ್ನು ಹೊರಗೋಡೆಗೆ ತೆರೆಯದೆ ಅಟ್ಟಕ್ಕೆ ತೆರೆದಿರುವ ಮನೆಗಳೂ ಇರುವುವು. ಅಂತಹ ಮನೆಯವರು ಬಿತ್ತನೆಯ ಬೀಜಕ್ಕೆ ದಿನಂಪ್ರತಿ ಹಬೆಯ ಉಪಚಾರ ಮಾಡುತ್ತಿರುವರೆಂದೇ ಹೇಳಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನಿಟ್ಟ ಬೀರುವನ್ನು ಇದೇ ಗೋಡೆಗೆ ಒರಗಿಸಿದ್ದರೆ ಅದರಲ್ಲಿಯೂ ಬೂಷ್ಟಿನ ಕಲೆ ಬೀಳುವುದು. ರೇಷ್ಮೆಯ ಮೇಲೆ ಬಿದ್ದ ಈ ಕಲೆ ಸುಲಭವಾಗಿ ಹೋಗುವುದಿಲ್ಲ.

ಇವೆಲ್ಲಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಸ್ನಾನದ ಮನೆಯ ಒಳಗೇ ಗ್ಯಾಸ್ ಗೀಸರನ್ನು ಇಟ್ಟುಕೊಂಡಿರುವ ಮನೆಗಳಲ್ಲಿ, ಗಾಳಿ ಸಾಲದೆ ಉರಿಯುವ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಮಡಿಗಿಂತಲೂ ಬಲವಾಗಿ ಕೂಡಿಕೊಳ್ಳುವುದರಿಂದ, ಸ್ನಾನ ಮಾಡುತ್ತಿರುವವರು ತಲೆ ಸುತ್ತಿ ಬಿದ್ದು, ಕೂಗಿ ಕರೆಯುವುದಕ್ಕೂ ಶಕ್ತಿಯಿಲ್ಲದೆ ಪ್ರಾಣ ಬಿಡುವರು. ಕರ್ಣಾಟಕದಲ್ಲಿ ಇಂತಹ ಮರಣಗಳು ಮತ್ತೆ ಮತ್ತೆ ಸಂಭವಿಸಿವೆ. ಪಂಖವನ್ನು ಹಾಕಿಬಿಟ್ಟರೆ ಈ ಅಪಾಯ ನೀಗಿತೆಂದು ಯಾರೂ ಭಾವಿಸಕೂಡದು. ಗಾಳಿ ಒಳಬರುವ ದಾರಿಯಿಲ್ಲದ ಕೋಣೆಯಲ್ಲಿ ಪಂಖವು ಗೀಸರಿನ ಅಥವಾ ಹಂಡೆಯ ಒಲೆಯ ಹೊಗೆಯನ್ನು ಕೊಳವೆಯಿಂದ ಹಿಂದಕ್ಕೆಳೆದು ಕೋಣೆಗೇ ತುಂಬಿಸಬಹುದು. ಇದಕ್ಕಿರುವ ಪರಿಹಾರ ಒಂದೇ: ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿ ನಿಲ್ಲಿಸಿ, ನೀರನ್ನು ಮಾತ್ರ ಕೊಳವೆಯಲ್ಲಿ ಒಳಕ್ಕೆ ತರತಕ್ಕದ್ದು. ಈ ಕೆಲಸವಾಗುವವರೆಗೆ ಪಂಖದ ವಿಚಾರವನ್ನು ಬದಿಗಿಡಬಹುದು.

ಸದ್ದಿನ ಮೂಲವನ್ನು ಹುಡುಕುವುದು

ಪಂಖ ಸದ್ದು ಮಾಡಿದೊಡನೆ ಅಂಗಡಿಗೆ ಹೋಗುವುದು ದುಡುಕು. ಹಳೆಯದರ ದೋಷವಾವುದೆಂದು ತಿಳಿಯದೆ ಹೊಸದನ್ನು ಹಾಕಿದರೆ ಅದೇ ಸದ್ದು ಆರು ತಿಂಗಳಲ್ಲಿ ಮರಳಿ ಬರುವುದು. ಮೂರು ಪರೀಕ್ಷೆಗಳನ್ನು ಯಾರಾದರೂ ಮಾಡಬಹುದು. ಇವಕ್ಕೆ ಉಪಕರಣವೇನೂ ಬೇಡ.

ಮೊದಲನೆಯದಾಗಿ, ಪಂಖವು ತಿರುಗುತ್ತಿರುವಾಗ ಗುಂಡಿಯನ್ನು ಆರಿಸಿ ಕಿವಿಗೊಡಬೇಕು. ರೆಕ್ಕೆಗಳು ಇನ್ನೂ ತಿರುಗುತ್ತಿದ್ದರೂ ಸದ್ದು ತಟ್ಟನೆ ನಿಂತರೆ ಅದು ವಿದ್ಯುತ್ತಿನ ಗುಂಯ್ಗುಡುವಿಕೆ. ಇದಕ್ಕೆ ವೋಲ್ಟೇಜಿನ ಇಳಿತವೋ, ಕೆಟ್ಟ ಕೆಪಾಸಿಟರೋ, ಪಂಖಕ್ಕೆ ಹೊಂದದ ರೆಗ್ಯುಲೇಟರೋ ಕಾರಣವಾಗಿರಬಹುದು. ರೆಕ್ಕೆಗಳ ವೇಗ ಇಳಿದಂತೆ ಸದ್ದೂ ಮೆಲ್ಲಮೆಲ್ಲನೆ ಇಳಿದರೆ ದೋಷವು ರೆಕ್ಕೆಯಲ್ಲಿಯೋ ಅಚ್ಚಿನಲ್ಲಿಯೋ ಗಾಳಿಯ ದಾರಿಯಲ್ಲಿಯೋ ಇರುವುದು. ಎರಡನೆಯದಾಗಿ, ಪಂಖವನ್ನು ಮತ್ತೆ ಹಾಕಿ ಸ್ನಾನದ ಮನೆಯ ಬಾಗಿಲನ್ನು ತೆರೆಯಬೇಕು, ಮುಚ್ಚಬೇಕು. ಬಾಗಿಲು ತೆರೆದೊಡನೆ ಸದ್ದಿನ ರೀತಿ ಬದಲಾಗಿ ಪಂಖವು ಹಗುರವಾಗಿ ತಿರುಗಿದಂತೆ ತೋರಿದರೆ, ಒಳಕ್ಕೆ ಗಾಳಿ ಬರುವ ದಾರಿಯೇ ಸಾಲದೆಂದರ್ಥ. ನೀರಿಲ್ಲದ ಕೊಳವೆ ಬಾವಿಯಲ್ಲಿ ಪಂಪು ಹೇಗೆ ಕೂಗುವುದೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಇದೂ ಅದೇ ಜಾತಿಯದು. ಇಂತಹ ಕೋಣೆಗೆ ಎಷ್ಟು ಬೆಲೆಯ ಪಂಖವನ್ನು ತಂದರೂ ವ್ಯರ್ಥವು. ಬಾಗಿಲಿನ ಕೆಳಗೆ ಒಂದು ಅಂಗುಲದ ಸಂದು ಬಿಡಿಸುವುದು ಅಥವಾ ಬಾಗಿಲಿನ ಕೆಳಭಾಗದಲ್ಲಿ ಜಾಲಂಧ್ರವನ್ನು ಕೂರಿಸುವುದು ಇದರ ಚಿಕಿತ್ಸೆ. ಬಡಗಿಯ ಅರ್ಧ ದಿನದ ಕೆಲಸ.

ಮೂರನೆಯ ಪರೀಕ್ಷೆಯನ್ನು ವಿದ್ಯುತ್ತನ್ನು ಪೂರಾ ಕಡಿದ ಬಳಿಕವೇ ಮಾಡತಕ್ಕದ್ದು. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ಅಚ್ಚು ಅತ್ತಿತ್ತ ಅಲುಗಾಡಿದರೆ ಬುಷ್ಷು ಸವೆದಿದೆ. ಗರಗರ ಎಂದರೆ ಬೇರಿಂಗು ಹೋಗಿದೆ. ಎರಡೂ ಇಲ್ಲದೆ ರೆಕ್ಕೆಗಳ ಮೇಲೆ ಧೂಳು ಮಾತ್ರ ಕಟ್ಟಿದ್ದರೆ ಪಂಖದಲ್ಲಿ ಇನ್ನೂ ಆಯುಸ್ಸುಂಟು. ಈ ತಾಲ್ಲೂಕುಗಳ ಧೂಳು ಹಬೆಯೊಡನೆ ಸೇರಿ ರೆಕ್ಕೆಗಳ ಮೇಲೆ ಮೆತ್ತಿಕೊಳ್ಳುವುದು. ಎಲ್ಲ ರೆಕ್ಕೆಗಳ ಮೇಲೂ ಸಮನಾಗಿ ಮೆತ್ತುವುದಿಲ್ಲವಾದುದರಿಂದ ತೂಕ ಒಂದು ಪಕ್ಕಕ್ಕೆ ವಾಲಿ ಇಡೀ ಚೌಕಟ್ಟು ನಡುಗುವುದು. ಸೀಗೆ ಅಥವಾ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ರೆಕ್ಕೆಗಳನ್ನೊರೆಸಿ, ಸಡಿಲವಾದ ಸ್ಕ್ರೂಗಳನ್ನು ಬಿಗಿದರೆ ಎಷ್ಟೋ ಪಂಖಗಳು ಸುಮ್ಮನಾಗುವುವು. ಮೋಟಾರಿಗೆ ಮಾತ್ರ ನೀರು ತಗಲಕೂಡದು.

ಬುಷ್ಷಿನ ಪಂಖಕ್ಕೆ ಒಂದೆರಡು ತೊಟ್ಟು ತೆಳುವಾದ ಮೆಷೀನ್ ಎಣ್ಣೆಯನ್ನು ಬಿಡಬಹುದು. ಎಣ್ಣೆ ಗಿರಣಿಗಳಿಗೆ ಹೆಸರಾದ ಊರಿನವರಿಗೆ ಇಲ್ಲೊಂದು ಮಾತು ಹೇಳಬೇಕಾಗಿದೆ. ಕಡಲೆಕಾಯೆಣ್ಣೆ ಒಗ್ಗರಣೆಗೆ ಶ್ರೇಷ್ಠವು, ಪಂಖಕ್ಕಲ್ಲ. ಅಡಿಗೆಯ ಎಣ್ಣೆಗಳು ಮೋಟಾರಿನ ಕಾವಿಗೆ ಅಂಟಾಗಿ, ಧೂಳನ್ನು ಹಿಡಿದು, ಅಚ್ಚನ್ನು ಬಂಧಿಸುವುವು. ಬಾಯಿ ಮುಚ್ಚಿದ ಬಾಲ್ ಬೇರಿಂಗಿಗೆ ಯಾವ ಎಣ್ಣೆಯನ್ನು ಬಿಟ್ಟೂ ಫಲವಿಲ್ಲ. ಬುಷ್ಷು ಸವೆದಿದ್ದರೆ ಅಥವಾ ಬೇರಿಂಗು ಗರಗರ ಎನ್ನುತ್ತಿದ್ದರೆ, ಸಣ್ಣ ಪಂಖವನ್ನು ಸರಿಪಡಿಸುವ ಖರ್ಚು ಹೊಸದರ ಬೆಲೆಗೆ ಸಮೀಪಿಸುವುದರಿಂದ, ಬದಲಿಸುವುದೇ ಲೇಸು.

ಹೊಸ ಪಂಖದ ಆಯ್ಕೆ

ಅಂಗಡಿಯಲ್ಲಿ ಗಾಳಿ ಹೆಚ್ಚು ಬಿಡುವ ಪಂಖವನ್ನು ಕೇಳುವುದು ವಾಡಿಕೆ. ಬೇಕಾದಷ್ಟು ಗಾಳಿ ಎಷ್ಟೆಂಬುದನ್ನು ಮೊದಲು ಲೆಕ್ಕ ಹಾಕತಕ್ಕದ್ದು. ಉದ್ದ 8 ಅಡಿ, ಅಗಲ 5 ಅಡಿ, ಎತ್ತರ 9 ಅಡಿ ಇರುವ ಸ್ನಾನದ ಮನೆಯು 360 ಘನ ಅಡಿಯದು. ಅದರ ಗಾಳಿ ಗಂಟೆಗೆ 8 ಸಲ ಬದಲಾಗಬೇಕಾದರೆ 2,880 ಘನ ಅಡಿ, ಎಂದರೆ ಸುಮಾರು 82 ಘನ ಮೀಟರು ಗಾಳಿ ಹೊರಹೋಗಬೇಕು. ಅಮೆರಿಕದಲ್ಲಿ ಸಣ್ಣ ಸ್ನಾನದ ಮನೆಗೆ ನಿಮಿಷಕ್ಕೆ 50 ಘನ ಅಡಿ ಎಂಬ ಗೊತ್ತುಪಾಡುಂಟು. ಅದೂ ಹೆಚ್ಚುಕಡಮೆ ಇಷ್ಟೇ ಆಗುವುದು. ಪೆಟ್ಟಿಗೆಯ ಮೇಲೆ ಅಚ್ಚುಮಾಡಿರುವ ಅಂಕಿಯು ಅಡ್ಡಿಯಿಲ್ಲದ ಬಯಲಿನಲ್ಲಿ ಪಂಖವು ನೂಕುವ ಗಾಳಿಯದು. ಜಾಲರಿ, ಮುಚ್ಚುಪಟ್ಟಿ, ಕೊಳವೆ ಇವುಗಳಿಂದ ಅದು ಬಹಳವಾಗಿ ಇಳಿಯುವುದರಿಂದ, ಲೆಕ್ಕದ ಇಮ್ಮಡಿಯನ್ನು, ಎಂದರೆ ಗಂಟೆಗೆ 160 ಘನ ಮೀಟರಿನಷ್ಟನ್ನು, ಆರಿಸಿದರೆ ಸಾಕು. ಇಷ್ಟು ಚಿಕ್ಕ ಕೋಣೆಗೆ ಅಡಿಗೆಮನೆಗೆಂದು ಮಾಡಿದ ವೇಗದ ದೊಡ್ಡ ಪಂಖವನ್ನು ಹಾಕಿಸಿ, ಬಳಿಕ ಸದ್ದೆಂದು ದೂರುವುದು ಸರಿಯಲ್ಲ.

ಗಾಳಿ ಗೊತ್ತಾದ ಮೇಲೆ ವೇಗವನ್ನು ನೋಡಬೇಕು. ನಿಶ್ಶಬ್ದತೆಯ ಗುಟ್ಟು ಬಹುಭಾಗ ಇದರಲ್ಲಿಯೇ ಅಡಗಿದೆ. ಒಂದೇ ಆಕಾರದ ರೆಕ್ಕೆಗಳುಳ್ಳ ಎರಡು ಪಂಖಗಳಿರಲಿ. ಒಂದರ ಅಡ್ಡಳತೆ 200 ಮಿಲಿಮೀಟರು, ಇನ್ನೊಂದರದು 250. ಒಂದೇ ವೇಗದಲ್ಲಿ ತಿರುಗಿದರೆ ಎರಡನೆಯದು ಸುಮಾರು ಇಮ್ಮಡಿ ಗಾಳಿಯನ್ನು ನೂಕುವುದು, ಏತಕ್ಕೆಂದರೆ ಗಾಳಿಯು ಅಡ್ಡಳತೆಯ ಘನಕ್ಕೆ ಅನುಗುಣವಾಗಿ ಹೆಚ್ಚುವುದು. ಆದುದರಿಂದ ದೊಡ್ಡ ಪಂಖವು ಅರ್ಧ ವೇಗದಲ್ಲಿಯೇ ಚಿಕ್ಕದರ ಕೆಲಸವನ್ನು ಮಾಡಬಲ್ಲುದು. ವೇಗ ಅರ್ಧಕ್ಕಿಳಿದರೆ ಸದ್ದು 15 ಡೆಸಿಬೆಲ್‌ನಷ್ಟು ಇಳಿಯುವುದು. ರೆಕ್ಕೆ ದೊಡ್ಡದಾದುದರಿಂದ ಅದರಲ್ಲಿ ಸ್ವಲ್ಪ ಭಾಗ ಮರಳಿ ಬಂದರೂ ಒಟ್ಟಿನಲ್ಲಿ 8 ಡೆಸಿಬೆಲ್‌ನಷ್ಟು ಲಾಭವುಳಿಯುವುದು. ಡೆಸಿಬೆಲ್ 10 ಇಳಿಯಿತೆಂದರೆ ಮನುಷ್ಯನ ಕಿವಿಗೆ ಸದ್ದು ಅರ್ಧವಾದಂತೆ ತೋರುವುದು. ಚಿಕ್ಕ ಪಂಖ ಬೇಗ ತಿರುಗುವುದಕ್ಕಿಂತ ದೊಡ್ಡದು ನಿಧಾನವಾಗಿ ತಿರುಗುವುದು ಮೇಲೆಂಬುದಕ್ಕೆ ಇದೇ ಆಧಾರ.

ನಮ್ಮ 50 ಆವರ್ತದ ವಿದ್ಯುತ್ತಿನಲ್ಲಿ ಸಾಮಾನ್ಯ ಮೋಟಾರುಗಳ ವೇಗವು ನಿಮಿಷಕ್ಕೆ 3,000, 1,500 ಅಥವಾ 1,000 ಸುತ್ತುಗಳಿಗಿಂತ ಸ್ವಲ್ಪ ಕೆಳಗಿರುವುದು. ಪೆಟ್ಟಿಗೆಯ ಮೇಲೆ ಸುತ್ತಿನ ಸಂಖ್ಯೆ ಬರೆದಿರುವುದು. ಓದಿ ನೋಡಿ, ಕಡಮೆಯದನ್ನು ಆರಿಸಬೇಕು. ಡೆಸಿಬೆಲ್ ಅಂಕಿಯನ್ನು ಬರೆದಿದ್ದರೆ ಎಷ್ಟು ದೂರದಿಂದ ಅಳೆದುದೆಂದು ಕೇಳಬೇಕು. ಒಂದು ಮೀಟರಿನಿಂದ ಅಳೆದುದನ್ನು ಮೂರು ಮೀಟರಿನಿಂದ ಅಳೆದುದರೊಡನೆ ಹೋಲಿಸಿದರೆ ಮೋಸ ಹೋಗುವೆವು. ನಿಧಾನದ ಪಂಖಕ್ಕೆ ಒಂದು ಕುಂದೂ ಉಂಟು: ಅದರ ಒತ್ತಡ ಅಲ್ಪ. ಗೋಡೆಯಲ್ಲಿ ನೇರವಾಗಿ ಕೂರಿಸುವಲ್ಲಿ ಅದು ಉತ್ತಮ. ಮಾರುದ್ದದ ಕೊಳವೆಯನ್ನು ಸುತ್ತಿಸಿ ಗಾಳಿಯನ್ನು ಹೊರಗೆ ಕಳುಹಿಸಬೇಕಾದಲ್ಲಿ ಅದು ಸೋಲುವುದು. ಅಲ್ಲಿ ಕೊಳವೆಯ ನಡುವೆ ಕೂರಿಸುವ, ಒತ್ತಡವುಳ್ಳ ಬೇರೆ ಜಾತಿಯ ಪಂಖವೇ ಬೇಕು.

ಈಚೆಗೆ ಬಂದಿರುವ, ಕಾಯಂ ಆಯಸ್ಕಾಂತದ ಬಿ.ಎಲ್.ಡಿ.ಸಿ. ಮೋಟಾರಿನ ಪಂಖಗಳು ಗುಂಯ್ಗುಡುವುದು ಕಡಮೆ. ವೋಲ್ಟೇಜು ಏರಿಳಿದರೂ ಅವುಗಳಲ್ಲಿ ಹಲವು ಒಂದೇ ವೇಗದಲ್ಲಿ ತಿರುಗುವುವು. ಬೆಲೆ ಹೆಚ್ಚು. ವಿದ್ಯುತ್ತಿನ ಉಳಿತಾಯದಿಂದ ಆ ಬೆಲೆ ಸ್ನಾನದ ಮನೆಯಲ್ಲಿ ಮರಳಿ ಬರುವುದೆಂದು ಅಂಗಡಿಯವರು ಹೇಳಿದರೆ ಲೆಕ್ಕ ಹಾಕಿ ನೋಡಬೇಕು. 35 ವಾಟಿನ ಸಾಮಾನ್ಯ ಪಂಖವನ್ನು ದಿನಕ್ಕೆ ಎರಡು ಗಂಟೆ ನಡೆಸಿದರೆ ವರ್ಷಕ್ಕಾಗುವ ಖರ್ಚು 26 ಯೂನಿಟ್ಟಿನೊಳಗೆ; ಅದರಲ್ಲಿ ಅರ್ಧ ಉಳಿದರೂ ದೊಡ್ಡ ಮಾತಲ್ಲ. ನಿದ್ರೆಗಾಗಿಯೂ ಬಾಳಿಕೆಗಾಗಿಯೂ ಅದನ್ನು ಕೊಳ್ಳಬಹುದು.

ಆಷಾಢದ ಗಾಳಿ ಮತ್ತು ಗೋಡೆಯ ಆಯ್ಕೆ

ಕಣದಲ್ಲಿ ರಾಶಿ ತೂರುವವನು ಮೊದಲು ಗಾಳಿಯ ಮುಖವನ್ನು ನೋಡುವನು. ಮನೆ ಕಟ್ಟಿಸುವವರು ಪಂಖದ ವಿಷಯದಲ್ಲಿ ಇದನ್ನು ಮರೆಯುತ್ತಾರೆ. ಚಿತ್ರದುರ್ಗದ ಸೀಮೆಯಲ್ಲಿ ಜ್ಯೇಷ್ಠದಿಂದ ಶ್ರಾವಣದವರೆಗೆ ಪಡುವಣ ಗಾಳಿ ಎಷ್ಟು ಬಲವಾಗಿ ಬೀಸುವುದೆಂಬುದಕ್ಕೆ ಬೆಟ್ಟಗಳ ಮೇಲೆ ನಿಲ್ಲಿಸಿರುವ ಗಾಳಿಯಂತ್ರಗಳೇ ಸಾಕ್ಷಿ. ಪಡುವಣ ಗೋಡೆಯಲ್ಲಿ ಕೂರಿಸಿದ ಸಣ್ಣ ಪಂಖವು ಆ ಮೂರು ತಿಂಗಳೂ ಎದುರುಗಾಳಿಯೊಡನೆ ಹೆಣಗಬೇಕು. ಗಾಳಿ ಹೊರಹೋಗದೆ ರೆಕ್ಕೆಗಳು ಬಡಿದಾಡುವುವು. ಪಂಖ ನಿಂತಿದ್ದಾಗಲೂ ಹೊರಗಿನ ಮುಚ್ಚುಪಟ್ಟಿಗಳು ರಾತ್ರಿಯೆಲ್ಲ ಪಟಪಟನೆ ಹೊಡೆದುಕೊಳ್ಳುವುವು. ಧೂಳೂ ಎರಚಲೂ ಒಳಕ್ಕೆ ಬರುವುವು. ಹೊಸದಾಗಿ ಕಟ್ಟಿಸುವವರು ಮೂಡಣ ಅಥವಾ ಬಡಗಣ ಗೋಡೆಯಲ್ಲಿ ಪಂಖದ ಕಂಡಿಯನ್ನು ಬಿಡಿಸತಕ್ಕದ್ದು. ಈಗಾಗಲೇ ಪಡುವಣ ಗೋಡೆಯಲ್ಲಿಯೇ ಕಂಡಿಯಿದ್ದರೆ, ಕೆಳಮುಖವಾಗಿ ಬಾಗಿದ ತಗಡಿನ ಟೋಪಿಯೊಂದನ್ನು ಹೊರಗೆ ಕೂರಿಸಿದಲ್ಲಿ ಎದುರುಗಾಳಿಯ ಹೊಡೆತ ಬಹಳಮಟ್ಟಿಗೆ ತಪ್ಪುವುದು. ಟೋಪಿಯ ಬಾಯಿ ಪಂಖಕ್ಕಿಂತ ಕಿರಿದಾಗಿರಕೂಡದು.

ಕೂರಿಸುವ ಕೆಲಸ

ಕೊಳ್ಳುವ ಮೊದಲು ಗೋಡೆಯ ಕಂಡಿಯನ್ನು ಅಳೆಯಬೇಕೇ ಹೊರತು ಹಳೆಯ ರೆಕ್ಕೆಯನ್ನಲ್ಲ. ಪೆಟ್ಟಿಗೆಯ ಮೇಲಣ 200 ಅಥವಾ 250 ಎಂಬುದು ರೆಕ್ಕೆಗಳ ಅಡ್ಡಳತೆ. ಕಂಡಿಗೆ ಬೇಕಾದ ಅಳತೆ ಅದಕ್ಕಿಂತ ದೊಡ್ಡದು, ಕಂಪನಿಯಿಂದ ಕಂಪನಿಗೆ ಬೇರೆಯಾದುದು. ದೊಡ್ಡ ಪಂಖಕ್ಕೆ ಕಂಡಿಯನ್ನು ಅಗಲಿಸಬೇಕಾದರೆ ಅದು ತೊಲೆಯಡಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ವಿದ್ಯುತ್ತಿನ ವಿಷಯದಲ್ಲಿ ಸಲಿಗೆ ಸಲ್ಲದು. ಒದ್ದೆ ನೆಲದ ಮೇಲೆ ನಿಂತು ತಂತಿಗೆ ಕೈಹಾಕುವ ಕೆಲಸವಾದುದರಿಂದ ಲೈಸೆನ್ಸುಳ್ಳ ಕೆಲಸಗಾರರನ್ನೇ ಕರೆಯಿಸತಕ್ಕದ್ದು. ಗೋಡೆಯ ಗುಂಡಿಯನ್ನು ಆರಿಸಿದರೆ ಸಾಲದು. ಹಳೆಯ ಕಟ್ಟುಪಾಡಿನಲ್ಲಿ ಗುಂಡಿಯು ನ್ಯೂಟ್ರಲ್ ತಂತಿಯ ಮೇಲಿದ್ದು ಪಂಖದಲ್ಲಿ ವಿದ್ಯುತ್ ಉಳಿದಿರಬಹುದು. ಮೇನ್ ಆರಿಸಿ, ಟೆಸ್ಟರಿನಿಂದ ನೋಡಿ, ಬಳಿಕ ಮುಟ್ಟಬೇಕು. ಕರೆಂಟು ಹೋಗಿರುವ ಹೊತ್ತಿನಲ್ಲಿ ಕೆಲಸ ಮುಗಿಸಿಬಿಡೋಣವೆಂಬುದು ಹಳ್ಳಿಗಳಲ್ಲಿ ಕೇಳಿಬರುವ ಮಾತು. ಅದು ಯಾವ ಗಳಿಗೆಯಲ್ಲಾದರೂ ಮರಳಿ ಬರಬಹುದು, ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಹೋಗಿಯೇ ಇರಲಾರದು. ಲೋಹದ ಪಂಖಕ್ಕೆ ಅರ್ತ್ ತಂತಿ ಕಡ್ಡಾಯವು. ಇಡೀ ಮನೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಈ ನೆಪದಲ್ಲಿಯೇ ಹಾಕಿಸುವುದು ವಿವೇಕ.

ಗೋಡೆಗೂ ಚೌಕಟ್ಟಿಗೂ ನಡುವೆ ರಬ್ಬರಿನ ಪಟ್ಟಿಯನ್ನು ಕೊಡಬೇಕು. ಹಾಗೆ ಮಾಡದೆ ಸಿಮೆಂಟಿನಲ್ಲಿ ಹುಗಿದರೆ ಪಂಖದ ನಡುಕವೆಲ್ಲ ಗೋಡೆಗೆ ಹತ್ತಿ, ಮಲಗುವ ಕೋಣೆಯ ಗೋಡೆಯೇ ತಮಟೆಯಾಗುವುದು. ಪ್ಲಾಸ್ಟಿಕ್ಕಿನ ಚೌಕಟ್ಟನ್ನು ಅತಿಯಾಗಿ ಬಿಗಿದರೆ ಅದು ಸೊಟ್ಟಗಾಗಿ ರೆಕ್ಕೆ ಉಜ್ಜುವುದು. ಕಂಡಿಯ ತಳವು ಹೊರಮುಖವಾಗಿ ಸ್ವಲ್ಪ ಇಳಿಜಾರಾಗಿರಲಿ. ಹಕ್ಕಿಗಳು ಗೂಡು ಕಟ್ಟದಂತೆ ಹೊರಗೆ ಜಾಲರಿ ಬೇಕು. ಸೊಳ್ಳೆಯ ಬಲೆಯಷ್ಟು ಸಣ್ಣ ಕಣ್ಣಿನದು ಈ ಧೂಳಿನ ಸೀಮೆಯಲ್ಲಿ ಬೇಗನೆ ಮುಚ್ಚಿಹೋಗುವುದು. ಸ್ನಾನ ಮುಗಿದೊಡನೆ ಪಂಖವನ್ನು ಆರಿಸದೆ ಇನ್ನು ಇಪ್ಪತ್ತು ನಿಮಿಷ ನಡೆಯಗೊಡಬೇಕು. ಹಬೆ ಹೊರಬೀಳುವುದು ಬಹುಭಾಗ ಆಗಲೇ.

ರೇಷ್ಮೆ ಹುಳು ಸಾಕುವ ಮನೆ

ಮೇಲೆ ಹೇಳಿದ ತತ್ತ್ವಗಳು ಹಿಪ್ಪುನೇರಳೆ ಬೆಳೆಯುವವರ ಹುಳುವಿನ ಮನೆಗೂ ಸಲ್ಲುವುವು. ಅಲ್ಲಿ ನಷ್ಟವೂ ದೊಡ್ಡದು. ಬಲಿತ ಹುಳುವಿಗೆ 24ರಿಂದ 25 ಡಿಗ್ರಿ ಕಾವೂ ನೂರಕ್ಕೆ 70ರಷ್ಟು ತೇವವೂ ಹಿತವು. ಹಿಕ್ಕೆಯೂ ಉಳಿದ ಸೊಪ್ಪೂ ಕೊಳೆತು ಹುಟ್ಟುವ ಕೆಟ್ಟಗಾಳಿ ಹೊರಹೋಗದಿದ್ದರೆ ಹುಳು ರೋಗಕ್ಕೆ ತುತ್ತಾಗುವುದು. ಗೂಡು ಕಟ್ಟುವ ದಿನಗಳಲ್ಲಿ ಗಾಳಿ ಸಾಲದಿದ್ದರೆ ನೂಲು ಸಲೀಸಾಗಿ ಬಿಚ್ಚದೆ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಗ್ಗುವುದು. ನಾಯಕನಹಟ್ಟಿಯ ಜಾತ್ರೆ ಕಳೆದ ಮೇಲೆ ಹಗಲು ಹೊತ್ತಿನ ಹೊರಗಾಳಿ ಬೆಂಕಿಯಂತಿರುವುದರಿಂದ, ನಡುಹಗಲಿನಲ್ಲಿ ಪಂಖ ನಡೆಸಿದರೆ ಉಪಕಾರಕ್ಕಿಂತ ಅಪಕಾರ ಹೆಚ್ಚು. ಗಾಳಿ ಬರುವ ಕಿಟಕಿಗಳಿಗೆ ನೆನೆಸಿದ ಗೋಣಿತಾಟನ್ನು ಕಟ್ಟಿ ಸ್ವಲ್ಪವಾಗಿ ನಡೆಸಿ, ರಾತ್ರಿಯಲ್ಲಿಯೂ ಬೆಳಗಿನ ಜಾವದಲ್ಲಿಯೂ ಪೂರ್ಣವಾಗಿ ನಡೆಸಬೇಕು. ರಾತ್ರಿ ನಡೆಯಬೇಕಾದ ಪಂಖವು ಕಿವಿ ಕಿತ್ತುಹೋಗುವಂತೆ ಕೂಗಿದರೆ, ಪಕ್ಕದಲ್ಲಿಯೇ ಮಲಗುವ ಮನೆಯವರು ನಡುರಾತ್ರಿಯಲ್ಲಿ ಎದ್ದು ಅದನ್ನು ಆರಿಸುವುದು ಸಹಜ. ಹುಳುವಿಗೆ ಗಾಳಿ ಬೇಕಾದ ಹೊತ್ತೇ ಅದು. ಗಂಟೆಗಟ್ಟಲೆ ನಡೆಯುವ ಈ ಪಂಖಗಳಲ್ಲಿ ಮಾತ್ರ ಬಿ.ಎಲ್.ಡಿ.ಸಿ. ಮೋಟಾರಿನ ಉಳಿತಾಯವು ಲೆಕ್ಕಕ್ಕೆ ಬರತಕ್ಕಷ್ಟಾಗುವುದು.

1980ರಲ್ಲಿ ಕರ್ಣಾಟಕಕ್ಕೆ ಬಂದ ಊಜಿ ನೊಣವನ್ನು ತಡೆಯುವುದಕ್ಕಾಗಿ ಇಲ್ಲಿ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಬಿಡುವಂತಿಲ್ಲ. ಬಲೆ ಗಾಳಿಗೆ ಅಡ್ಡಿ, ಅಡ್ಡಿಯೆಂದರೆ ಸದ್ದು. ಆದಕಾರಣ ಗಾಳಿ ಒಳಬರುವ ಕಿಟಕಿಗಳ ಒಟ್ಟು ವಿಸ್ತಾರವನ್ನು ಪಂಖದ ಬಾಯಿಗಿಂತ ಮೂರು ನಾಲ್ಕರಷ್ಟು ದೊಡ್ಡದಾಗಿ ಬಿಟ್ಟು, ಬೆಳೆ ಬೆಳೆಗೂ ನಡುವೆ ಮನೆಯನ್ನು ತೊಳೆದು ಶುದ್ಧಿಮಾಡುವಾಗ ಬಲೆಗಳನ್ನೂ ಬಿಚ್ಚಿ ತೊಳೆಯತಕ್ಕದ್ದು. ಸ್ನಾನದ ಮನೆಯ ಪಂಖದ ರೆಕ್ಕೆಗಳನ್ನು ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಆಷಾಢದ ಧೂಳು ಕಳೆದ ಮೇಲೆ ಇನ್ನೊಮ್ಮೆ, ಒರೆಸಿದರೆ ಸಾಕಾಗುವುದು.